ಏಳು ಚರ್ಚು, ಏಳು ರಾತ್ರಿ: ಚಳಿಗಾಲದ ತಂಗುದಾಣ ನಡೆಸಲು ಏನೇನು ಬೇಕು?

ಹೇಮಾವತಿ_ತೀರ ಕೇಳಿದ್ದು:

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರು. ಬೀದಿಯಲ್ಲಿ ಮಲಗುವವರಿಗಾಗಿ ಇಲ್ಲಿನ ಏಳು ಚರ್ಚುಗಳು ಸೇರಿ ಚಳಿಗಾಲದ ತಂಗುದಾಣ ಶುರು ಮಾಡುವ ಮಾತು ನಡೆದಿದೆ. ಆಂಗ್ಲಿಕನ್ ಎರಡು, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಕ್ಯಾಥೊಲಿಕ್, ಸಾಲ್ವೇಶನ್ ಆರ್ಮಿ, ಸೆವೆಂತ್ ಡೇ ಅಡ್ವೆಂಟಿಸ್ಟ್ ಒಂದೊಂದು. ಸೋಮವಾರ ಒಂದು ಚರ್ಚಿನ ಹಾಲ್, ಮಂಗಳವಾರ ಇನ್ನೊಂದು, ಹೀಗೆ ಸರದಿ. ರಾತ್ರಿಗೆ 12 ಜನ. ಮೆಥಡಿಸ್ಟ್ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಕನ್ನಡ ಪ್ರಾರ್ಥನಾ ಕೂಟ ಸೇರುತ್ತದೆ, ಆ ಕೂಟದವರೂ ಊರಿನ ಕನ್ನಡ ಸಂಘದವರೂ ವಾರಕ್ಕೊಂದು ರಾತ್ರಿಯ ಅಡುಗೆ ಹೊರಲು ಒಪ್ಪಿದ್ದಾರೆ.

ಈಗ ಜುಲೈ. ನವೆಂಬರ್‌ಗೆ ಶುರು ಮಾಡಬೇಕೆಂಬ ಉತ್ಸಾಹ ಎಲ್ಲರಿಗೂ ಇದೆ. ತಿಳಿಯಬೇಕಾದದ್ದು ಇಷ್ಟು: ಎಷ್ಟು ಸ್ವಯಂಸೇವಕರು ಬೇಕು? ಕಟ್ಟಡದ ಕಾಗದಪತ್ರ ಏನು? ನಮ್ಮ ಊಟ ಕೊಟ್ಟರೆ ನಡೆಯುತ್ತದೆಯೆ? ವೀಸಾದಲ್ಲಿ ಇರುವವರು, ಊರಿಂದ ಬಂದಿರುವ ಅಪ್ಪ ಅಮ್ಮಂದಿರು ಕೆಲಸ ಮಾಡಬಹುದೆ?

---

ರಾತ್ರಿಪಾಳಿ ಉತ್ತರ:

ಮೊದಲು ನವೆಂಬರ್ ಬಿಡಿ. ಮೊದಲ ವರ್ಷ ಜನವರಿ ಮೊದಲ ವಾರದಿಂದ ಮಾರ್ಚ್ ಕೊನೆಯವರೆಗೆ, ಹನ್ನೆರಡು ವಾರ ಸಾಕು. ಜುಲೈನಲ್ಲಿ ಮಾತು ಶುರುವಾದ ಕೆಲಸಕ್ಕೆ ನವೆಂಬರ್ ಅಂದರೆ, ಕ್ರಿಸ್ಮಸ್ ಹೊತ್ತಿಗೆ ಒಂದೆರಡು ಚರ್ಚು ಕೈಚೆಲ್ಲುತ್ತವೆ. ಏಳು ಕೊಂಡಿಯ ಸರಪಳಿಯಲ್ಲಿ ಒಂದು ಕಳಚಿದರೂ ಆ ರಾತ್ರಿ ಹನ್ನೆರಡು ಜನ ಮತ್ತೆ ಬೀದಿಗೆ. ಹಾಗಾಗಿ ಏಳು ಸ್ಥಳ ಸಾಲದು, ಬಾಯ್ಲರ್ ಕೆಟ್ಟ ರಾತ್ರಿಗೆ ಎಂಟನೆಯದೊಂದು ಹಾಲ್ ಬರಹದಲ್ಲಿ ಒಪ್ಪಿ ಇಟ್ಟಿರಬೇಕು.

ಜನದ ಲೆಕ್ಕ ಒಂದು ರಾತ್ರಿಗೆ ಹೀಗೆ. ಸಂಜೆ 6ರಿಂದ 10ರ ಪಾಳಿಗೆ ಐದು ಜನ: ಇಬ್ಬರು ಅಡುಗೆಗೆ, ಒಬ್ಬರು ಬಾಗಿಲಲ್ಲಿ ಹೆಸರು ಬರೆಯಲು, ಇಬ್ಬರು ಹಾಸಿಗೆ ಹಾಕಿ ಅತಿಥಿಗಳ ಜೊತೆ ಕೂತು ಮಾತಾಡಲು. ರಾತ್ರಿ 10ರಿಂದ ಬೆಳಗಿನ 6.30ರವರೆಗೆ ಮೂವರು, ಅದರಲ್ಲಿ ಯಾವ ಹೊತ್ತಿಗೂ ಇಬ್ಬರು ಎಚ್ಚರ ಇರಲೇಬೇಕು. ಬೆಳಗ್ಗೆ 6.15ರಿಂದ 8.30ಕ್ಕೆ ಮೂವರು. ಹಾಸಿಗೆ ಹೊದಿಕೆ ಸಾಗಿಸುವ ವ್ಯಾನಿಗೆ ಒಬ್ಬರು. ಒಟ್ಟು 12. ಒಬ್ಬೊಬ್ಬರು ಹದಿನೈದು ದಿನಕ್ಕೊಮ್ಮೆ ಬಂದರೆ ಚರ್ಚಿಗೆ 24, ಫ್ಲೂ ಮತ್ತು ಫೆಬ್ರವರಿಯ ಶಾಲಾ ರಜೆಗೆಂದು ಇನ್ನೂ ಆರು ಸೇರಿಸಿ 30. ಏಳು ಚರ್ಚಿಗೆ 210 ಹೆಸರು. ಸಂಜೆ ಪಾಳಿಗೆ ಜನ ತಾವಾಗಿ ಬರುತ್ತಾರೆ, ಸೂಪ್ ಬಡಿಸುವ ಕೆಲಸ ಯಾರಿಗೂ ಇಷ್ಟ. ಪಾಳಿಪಟ್ಟಿಯಲ್ಲಿ ಖಾಲಿ ಉಳಿಯುವುದು ರಾತ್ರಿಯ ಸಾಲು. ಅದನ್ನು ಮೊದಲು ತುಂಬಿಸಿ, ಆಮೇಲೆ ಅಡುಗೆಯವರನ್ನು ಕೇಳಿ.

ಯಾವ ಚರ್ಚಿಗೆ ವಾರದ ಯಾವ ರಾತ್ರಿ ಅನ್ನುವುದು ಚೀಟಿ ಎತ್ತಿ ತೀರ್ಮಾನಿಸುವಂಥದ್ದಲ್ಲ. ಎಲ್ಲಕ್ಕಿಂತ ತ್ರಾಸದ್ದು ಶನಿವಾರ ರಾತ್ರಿ, ಏಕೆಂದರೆ ಮರುದಿನ ಬೆಳಗ್ಗೆ ಆರಾಧನೆ, ಸಂಡೇ ಸ್ಕೂಲು, ಕಾಫಿ ಎಲ್ಲಕ್ಕೂ ಅದೇ ಹಾಲ್ ಬೇಕು. ನಿಮ್ಮಲ್ಲಿ ಅಡ್ವೆಂಟಿಸ್ಟರು ಇದ್ದಾರೆ, ಅದು ಅದೃಷ್ಟ. ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿ ಮತ್ತು ಆರಾಧನೆಯ ದಿನ, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ. ಶನಿವಾರ ರಾತ್ರಿ ಅವರಿಗೆ ಕೊಡಿ, ಭಾನುವಾರ ಬೆಳಗ್ಗೆ ಅವರ ಹಾಲ್ ಖಾಲಿ. ಶುಕ್ರವಾರ ರಾತ್ರಿ ದುಡಿಯುವ ವಯಸ್ಸಿನವರು ಹೆಚ್ಚಿರುವ ಚರ್ಚಿಗೆ ಹೋಗಲಿ, ಮರುದಿನ ಕಚೇರಿ ಇರುವುದಿಲ್ಲವಾದ್ದರಿಂದ ರಾತ್ರಿ ಪಾಳಿಗೆ ಜನ ಸಿಗುತ್ತಾರೆ. ವಾರದ ನಡುವೆ ಬೆಳಗ್ಗೆ 9ಕ್ಕೆ ಪುಟ್ಟ ಮಕ್ಕಳ ಪ್ಲೇಗ್ರೂಪ್ ನಡೆಯುವ ಹಾಲ್‌ಗಳನ್ನು ಗುರುತಿಸಿಕೊಳ್ಳಿ. ಆ ದಿನ 8ಕ್ಕೆ ಅತಿಥಿಗಳು ಹೊರಟು, ನೆಲ, ಸೋಫಾ ಸಂದು, ಶೌಚಾಲಯದ ತೊಟ್ಟಿಯ ಹಿಂದೆ ಸೂಜಿ, ಮಾತ್ರೆ ಏನಾದರೂ ಬಿದ್ದಿದೆಯೆ ಎಂದು ಟಾರ್ಚ್ ಹಿಡಿದು ನೋಡಿ, ನೋಡಿದವರು ಸಹಿ ಹಾಕಬೇಕು. ಸೂಜಿ ಸಿಕ್ಕರೆ ಕೈಯಲ್ಲಿ ಮುಟ್ಟಬಾರದು, ಚಿಮಟ ಮತ್ತು ಸೂಜಿ ಹಾಕುವ ಹಳದಿ ಡಬ್ಬಿ ಪ್ರತಿ ಹಾಲ್‌ನಲ್ಲೂ ಇರಲಿ.

ಇಷ್ಟೆಲ್ಲ ಸರಿಯಿದ್ದರೂ ಕೆಡುವುದು ಎಲ್ಲಿ ಅಂದರೆ ಚರ್ಚಿನಿಂದ ಚರ್ಚಿಗೆ ಸುದ್ದಿ ದಾಟುವಲ್ಲಿ. ಮಂಗಳವಾರ ಇಬ್ಬರು ಅತಿಥಿಗಳು ಜಗಳವಾಡಿದ್ದು ಬುಧವಾರದವರಿಗೆ ಗೊತ್ತಿರುವುದಿಲ್ಲ, ಇಬ್ಬರ ಹಾಸಿಗೆಯನ್ನೂ ಪಕ್ಕಪಕ್ಕದಲ್ಲೇ ಹಾಕುತ್ತಾರೆ. ಒಬ್ಬರಿಗೆ ಮೂರ್ಛೆ ರೋಗ ಇರುವುದು ಸೋಮವಾರದ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಏಳು ಜಾಗಕ್ಕೂ ಒಂದೇ ದಾಖಲೆ ಪುಸ್ತಕ ಇರಲಿ. ಹಾಸಿಗೆ ವ್ಯಾನಿನಲ್ಲೇ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅದೂ ಸಾಗಲಿ. ಬೆಳಗಿನ ಪಾಳಿ ಮುಗಿಸುವವರು ಇಡೀ ಏರ್ಪಾಡು ನೋಡಿಕೊಳ್ಳುವ ಸಂಯೋಜಕರಿಗೆ ಫೋನ್ ಮಾಡಬೇಕು, ಸಂಯೋಜಕರು ಮಧ್ಯಾಹ್ನದೊಳಗೆ ಆ ರಾತ್ರಿಯ ಮುಖ್ಯಸ್ಥರಿಗೆ ಮುಟ್ಟಿಸಬೇಕು. ವಾಟ್ಸಾಪ್ ಗುಂಪಿನಲ್ಲಿ ಅತಿಥಿಗಳ ಹೆಸರು, ಕಾಯಿಲೆ, ಫೋಟೋ ಹಾಕುವ ಹಾಗಿಲ್ಲ. ಅದು ಮಾಹಿತಿ ರಕ್ಷಣೆಯ ಕಾನೂನಿಗೆ ವಿರುದ್ಧ, ಮರ್ಯಾದೆಗೂ ವಿರುದ್ಧ. ಪಾಳಿ ಅದಲುಬದಲಿಗೆ ಮಾತ್ರ ಆ ಗುಂಪು.

ಸಂಯೋಜಕರಿಗೆ ಸಂಬಳ ಕೊಡಿ. ಪುಕ್ಕಟೆ ಮಾಡುವ ಕೆಲಸವಲ್ಲ ಅದು.

---

ಕಾಗದಪತ್ರ ಉತ್ತರ:

ಕಟ್ಟಡದ ವಿಷಯ ನೋಡೋಣ. ಹಗಲು ಇನ್ನೂರು ಜನ ಸೇರುವ ಹಾಲ್‌ಗೆ ಇರುವ ಬೆಂಕಿ ಅಪಾಯದ ಪರಿಶೀಲನೆ ರಾತ್ರಿ ಹನ್ನೆರಡು ಜನ ಮಲಗುವುದಕ್ಕೆ ಸಲ್ಲುವುದಿಲ್ಲ. ನಿದ್ದೆಯಲ್ಲಿರುವವರು, ಕತ್ತಲೆ, ಗುರುತಿಲ್ಲದ ಜಾಗ, ಕೆಲವರು ಕುಡಿದಿರಬಹುದು. ಹೀಗಾಗಿ ಪ್ರತಿ ಹಾಲ್‌ಗೂ ಮಲಗುವ ಬಳಕೆಯನ್ನೇ ಗಮನದಲ್ಲಿಟ್ಟು ಹೊಸದಾಗಿ ಪರಿಶೀಲನೆ ಮಾಡಿಸಬೇಕು. ಇದು 2005ರ ಅಗ್ನಿ ಸುರಕ್ಷತಾ ಆದೇಶದ ಕೆಳಗೆ ಬರುತ್ತದೆ. 1 ಅಕ್ಟೋಬರ್ 2023ರಿಂದ ಆ ಪರಿಶೀಲನೆಯನ್ನು ಪೂರ್ತಿಯಾಗಿ ಬರೆದಿಡುವುದು ಎಲ್ಲರಿಗೂ ಕಡ್ಡಾಯ, ಸಣ್ಣ ಚರ್ಚು ಅಂತ ವಿನಾಯಿತಿ ಇಲ್ಲ.

ನೋಡಬೇಕಾದದ್ದು: ಮಲಗುವ ಕೋಣೆ ನೆಲಮಾಳಿಗೆಯಲ್ಲೂ ಬೇಡ, ಮಹಡಿಯಲ್ಲೂ ಬೇಡ, ರಸ್ತೆಯ ಮಟ್ಟದಲ್ಲೇ ಇರಲಿ. ಹೊರಹೋಗಲು ಬೇರೆ ಬೇರೆ ದಿಕ್ಕಿನ ಎರಡು ದಾರಿ. ಕೊನೆಯ ಬಾಗಿಲು ಒಳಗಿನಿಂದ ಕೀಲಿ ಇಲ್ಲದೆ ತೆರೆಯಬೇಕು. ಹಳೆಯ ಚರ್ಚುಗಳು ಎಡವುವುದು ಇಲ್ಲೇ, ದೊಡ್ಡ ಕಬ್ಬಿಣದ ಕೀಲಿ ವಾರ್ಡನ್ ಜೇಬಿನಲ್ಲಿ ಇರುತ್ತದೆ. ಹೊಗೆ ಎಚ್ಚರಿಕೆ ಗಂಟೆಗಳು ಮಲಗುವ ಜಾಗ, ಅಡುಗೆಮನೆಯ ದಾರಿ ಎರಡರಲ್ಲೂ ಬೇಕು. ಗ್ಯಾಸ್ ಬಾಯ್ಲರ್ ಅಥವಾ ಹೀಟರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ. ಕರೆಂಟ್ ಹೋದರೂ ಉರಿಯುವ ದೀಪ ಬೇಕು. ಹಾಸಿಗೆ ಹಾಕಲೆಂದು ಕುರ್ಚಿಗಳನ್ನೆಲ್ಲ ಒಟ್ಟಿ ಎರಡನೇ ಬಾಗಿಲಿಗೆ ಅಡ್ಡ ಇಡುವುದು ಪ್ರತಿ ಹಾಲ್‌ನಲ್ಲೂ ಆಗುವ ಎಡವಟ್ಟು, ಕುರ್ಚಿ ಎಲ್ಲಿಡಬೇಕು ಅಂತ ನೆಲದ ಮೇಲೆ ಟೇಪ್ ಅಂಟಿಸಿಬಿಡಿ. ಎಲೆಕ್ಟ್ರಿಕ್ ಸೈಕಲ್, ಸ್ಕೂಟರ್, ಅದರ ಬ್ಯಾಟರಿ ಒಳಗೆ ತರುವಂತಿಲ್ಲ. ಮೊಬೈಲ್ ಚಾರ್ಜಿಂಗ್ ಎಚ್ಚರ ಇರುವವರ ಮೇಜಿನ ಪಕ್ಕದಲ್ಲೇ, ದಿಂಬಿನ ಕೆಳಗಲ್ಲ. ಅತಿಥಿಗಳು ಬಂದ ಕೂಡಲೆ, ಊಟಕ್ಕೆ ಮುಂಚೆಯೇ, ಎರಡು ಬಾಗಿಲು ಎಲ್ಲಿವೆ, ಹೊರಗೆ ಎಲ್ಲಿ ಸೇರಬೇಕು ಅಂತ ತೋರಿಸಬೇಕು. ಪ್ರತಿ ರಾತ್ರಿ ಹಾಲ್ ಬೇರೆ, ಅದಕ್ಕೇ ಪ್ರತಿ ರಾತ್ರಿ.

ಹಾಸಿಗೆ: ನೀರು ಹೀರದ ಹೊದಿಕೆಯ, ಒರೆಸಿದರೆ ಸ್ವಚ್ಛವಾಗುವ ಫೋಮ್ ಹಾಸಿಗೆ ತೆಗೆದುಕೊಳ್ಳಿ. ಹಾಸಿಗೆಗೆ ಬೆಂಕಿ ತಗಲುವ ಬಗ್ಗೆ ಇರುವ ಬ್ರಿಟಿಷ್ ಮಾನದಂಡ ಬಿಎಸ್ 7177ರ ಮಧ್ಯಮ ಅಪಾಯ ದರ್ಜೆ, ಅಂಗಡಿಯವರ ಭಾಷೆಯಲ್ಲಿ ಕ್ರಿಬ್ 5. ಮನೆಯಿಂದ ದಾನವಾಗಿ ಬರುವ ಹಾಸಿಗೆ ಯಾವುದೂ ಬೇಡ. ಪ್ರತಿ ಚರ್ಚೂ ತನ್ನ 12 ಹಾಸಿಗೆ ತಾನೇ ಇಟ್ಟುಕೊಂಡರೆ ವ್ಯಾನಿನಲ್ಲಿ ರಜಾಯಿ, ದಿಂಬು, ಚಾದರ ಮಾತ್ರ ಹೋಗುತ್ತದೆ. ಅತಿಥಿಗೊಂದು ಸಂಖ್ಯೆ ಬರೆದ ಚೀಲ, ವಾರಕ್ಕೊಮ್ಮೆ 60 ಡಿಗ್ರಿಯಲ್ಲಿ ಒಗೆತ, ಆಮೇಲೆ ಬಿಸಿ ಡ್ರೈಯರ್. ಚೀಲಗಳು ಒಂದಕ್ಕೊಂದು ತಾಗದಂತೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಇಲ್ಲದಿದ್ದರೆ ತಿಗಣೆ ಏಳು ಚರ್ಚಿಗೂ ಒಂದೇ ವಾರದಲ್ಲಿ ಸುತ್ತು ಹಾಕುತ್ತದೆ, ಸರದಿ ಪದ್ಧತಿಯ ದೊಡ್ಡ ಶಾಪ ಅದು.

ವಿಮೆ: ಏಳು ಚರ್ಚುಗಳೂ ತಮ್ಮ ತಮ್ಮ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಉತ್ತರ ಪಡೆಯಬೇಕು. ಹೇಳದೆ ನಡೆಸಿದರೆ ಬೆಂಕಿಯ ಮಾತಿರಲಿ, ಒಡೆದ ಕಿಟಕಿಗೂ ಹಣ ಬಾರದೆ ಹೋಗಬಹುದು. ಸಂಬಳದ ಸಂಯೋಜಕರು ಇದ್ದರೆ ಉದ್ಯೋಗದಾತರ ಹೊಣೆ ವಿಮೆ ಕಾನೂನಿನ ಪ್ರಕಾರ ಕನಿಷ್ಠ 50 ಲಕ್ಷ ಪೌಂಡ್ ಮೊತ್ತಕ್ಕೆ ಬೇಕು. ಅಪಘಾತ ವಿಮೆಯಲ್ಲಿ ಸ್ವಯಂಸೇವಕರ ವಯಸ್ಸಿಗೆ ಮಿತಿ ಇರುವುದುಂಟು, ನಿವೃತ್ತರೇ ಹೆಚ್ಚಿರುವ ಪಟ್ಟಿಯಲ್ಲಿ ಇದು ಸಣ್ಣ ವಿಷಯವಲ್ಲ.

ಯಾರ ಹೆಸರಲ್ಲಿ ನಡೆಸುವುದು? ಮೊದಲ ವರ್ಷ ಒಂದು ಚರ್ಚು ಹೊಣೆ ಹೊತ್ತು ಉಳಿದ ಆರರ ಜೊತೆ ಒಪ್ಪಂದ ಬರೆದುಕೊಳ್ಳಬಹುದು. ಆಮೇಲೆ ಪ್ರತ್ಯೇಕ ಚಾರಿಟಿ. ಒಪ್ಪಂದದಲ್ಲಿ ಹಾಲ್ ಬಾಡಿಗೆ, ಹೀಟಿಂಗ್ ಖರ್ಚು ಯಾರದ್ದು, ಒಂದು ಚರ್ಚು ನಡುವೆ ಬಿಟ್ಟರೆ ಎಷ್ಟು ವಾರ ಮುಂಚೆ ಹೇಳಬೇಕು ಎಂಬ ಮೂರು ಸಾಲು ಇರಲೇಬೇಕು. ಪ್ಲಾನಿಂಗ್ ಅನುಮತಿ (ಕಟ್ಟಡದ ಬಳಕೆ ಬದಲಿಸಲು ಕೊಡುವ ಅನುಮತಿ) ಬೇಕೆ ಬೇಡವೆ ಅನ್ನುವುದನ್ನು ಊಹಿಸಬೇಡಿ, ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಪ್ಲಾನಿಂಗ್ ವಿಭಾಗದಿಂದ ಈಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಹೌಸಿಂಗ್ ಜಸ್ಟಿಸ್ ಎಂಬ ಕ್ರೈಸ್ತ ಚಾರಿಟಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚರ್ಚು ತಂಗುದಾಣಗಳಿಗೆ ಮಾರ್ಗದರ್ಶನ ಕೊಡುತ್ತದೆ, ಗುಣಮಟ್ಟದ ಮುದ್ರೆಯನ್ನೂ ಕೊಡುತ್ತದೆ. ನಿಯಮದ ಕರಡು ಹೊಸದಾಗಿ ಬರೆಯುವ ಮೊದಲು ಅವರನ್ನು ಕೇಳಿ.

---

ಕಟ್ಟೆಪುರಾಣ ಉತ್ತರ:

ಸರದಿ ಪದ್ಧತಿಯ ಮೇಲೇ ನನ್ನ ತಕರಾರು. ಅತಿಥಿಗಳು ದಿನಾ ಗಂಟುಮೂಟೆ ಕಟ್ಟಿ ಬೇರೆ ಬೇರೆ ಚರ್ಚಿಗೆ ನಡೆಯಬೇಕು. ಕೆಲಸಕ್ಕೆ ಹೋಗುವವರೂ ಅದರಲ್ಲಿ ಇರುತ್ತಾರೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಬೇಕಾದವರಿಗೆ ಇದು ಕೆಲಸಕ್ಕೇ ಬಾರದು. ಒಂದೇ ಕಟ್ಟಡ ಹಿಡಿದು, ಏಳು ಚರ್ಚಿನವರು ಸರದಿಯಲ್ಲಿ ಬಂದು ನಡೆಸಿದರೆ ಹಾಸಿಗೆ ಸಾಗಿಸುವ ಗೋಳಿಲ್ಲ, ಬೆಂಕಿ ಪರಿಶೀಲನೆ ಒಂದೇ, ದಾಖಲೆ ಪುಸ್ತಕ ಒಂದೇ ಮೇಜಿನ ಮೇಲೆ.

ಇನ್ನೊಂದು. ಮಾರ್ಚ್ 2020ರಲ್ಲಿ ಕೋವಿಡ್ ಬಂದಾಗ ಒಂದೇ ಹಾಲ್‌ನಲ್ಲಿ ಮಲಗುವ ತಂಗುದಾಣಗಳೆಲ್ಲ ಮುಚ್ಚಿ, ಸರಕಾರ 'ಎವ್ರಿವನ್ ಇನ್' (ಎಲ್ಲರೂ ಒಳಗೆ) ಅಂತ ಜನರನ್ನು ಹೋಟೆಲ್ ಕೋಣೆಗಳಿಗೆ ಸೇರಿಸಿತು. ಒಬ್ಬರಿಗೊಂದು ಬಾಗಿಲು ಸಿಕ್ಕರೆ ಜನ ನಿದ್ದೆ ಮಾಡುತ್ತಾರೆ, ಬೆಳಗ್ಗೆ ಎದ್ದು ನಾಲ್ಕು ಮಾತಾಡುತ್ತಾರೆ ಎಂಬುದು ಆಗ ಕಣ್ಣಿಗೆ ಕಂಡಿತು. ಆ ಮೇಲೆ ಎಷ್ಟೋ ತಂಗುದಾಣಗಳು ಹಾಲ್ ಬಿಟ್ಟು ಒಂಟಿ ಕೋಣೆಗೆ ಹೋದವು. ಹಾಲ್‌ನ ಹಂಚಿದ ಗಾಳಿಯಲ್ಲಿ ಕ್ಷಯವೂ ಹರಡುತ್ತದೆ. ಲಂಡನ್‌ನಲ್ಲಿ ಯುಸಿಎಲ್ ಆಸ್ಪತ್ರೆಗಳ 'ಫೈಂಡ್ ಅಂಡ್ ಟ್ರೀಟ್' ತಂಡ ಎಕ್ಸ್‌ರೇ ವ್ಯಾನನ್ನೇ ಇಂಥ ಜಾಗಗಳಿಗೆ ಕಳಿಸುವುದು ಸುಮ್ಮನೆ ಅಲ್ಲ.

---

ರಾತ್ರಿಪಾಳಿ ಉತ್ತರ:

ಕಟ್ಟೆಪುರಾಣ ಅವರ ಮಾತು ಒಪ್ಪುತ್ತೇನೆ, ಕಟ್ಟಡ ಸಿಕ್ಕರೆ. ವಾರದ ಏಳೂ ರಾತ್ರಿ ಮೂರು ತಿಂಗಳು ಖಾಲಿ ಬಿಟ್ಟುಕೊಡುವ ಹಾಲ್ ಯಾವ ಚರ್ಚಿಗೂ ಇಲ್ಲ. ಸಿಕ್ಕಿದರೂ ಅಕ್ಕಪಕ್ಕದವರ ವಿರೋಧ, ಪ್ಲಾನಿಂಗ್ ಅನುಮತಿ, ಬಾಡಿಗೆ ಎಲ್ಲವೂ ಬೇರೆ ಲೆಕ್ಕ. ವಾರಕ್ಕೊಂದು ರಾತ್ರಿ ಅಂದರೆ ಚರ್ಚಿನ ಭಕ್ತರೂ ಒಪ್ಪುತ್ತಾರೆ, ನೆರೆಯವರೂ ಒಪ್ಪುತ್ತಾರೆ. ಹಾಲ್‌ನಲ್ಲೇ ಮಾಡುವುದಾದರೆ 12 ಬೇಡ, 8ಕ್ಕೆ ಇಳಿಸಿ, ಹಾಸಿಗೆಗಳ ನಡುವೆ ಒಂದು ಮೀಟರ್, ನಡುವೆ ಮಡಚುವ ತಡಿಕೆ, ಒಳಗೆ ಗಾಳಿ ಆಡುತ್ತಿದೆಯೆ ತಿಳಿಯಲು ಇಂಗಾಲದ ಡೈ ಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಒಂದು ಗೋಡೆಗೆ. ಹೆಂಗಸರಿಗೆ ಬೇರೆ ಕೋಣೆ ಮತ್ತು ಬೇರೆ ಶೌಚಾಲಯ ಇಲ್ಲದ ಚರ್ಚು ಇದ್ದರೆ, ಆ ರಾತ್ರಿಗೆ ಹೆಂಗಸರನ್ನು ಕೌನ್ಸಿಲ್ ಕಡೆಯಿಂದ ಬೇರೆಡೆ ಇಡಿಸುವ ಏರ್ಪಾಡು ಮೊದಲೇ ಆಗಿರಬೇಕು. 18 ತುಂಬದವರು ಬಂದರೆ ಒಳಗೆ ಮಲಗಿಸುವ ಹಾಗಿಲ್ಲ, ತಕ್ಷಣ ಮಕ್ಕಳ ಇಲಾಖೆಗೆ ಕರೆ. ಆದರೆ ಅವರು ಬರುವವರೆಗೆ ಚಳಿಯಲ್ಲಿ ಹೊರಗೆ ನಿಲ್ಲಿಸಬೇಡಿ, ಎಚ್ಚರ ಇರುವ ಇಬ್ಬರ ಜೊತೆ ಅಡುಗೆಮನೆಯಲ್ಲಿ ಕೂರಿಸಿ.

ಬಾಗಿಲಿಗೆ ಬಂದವರನ್ನೆಲ್ಲ ಸೇರಿಸುವ ಪದ್ಧತಿ ಬೇಡ. ಕೌನ್ಸಿಲ್‌ನ ವಸತಿ ವಿಭಾಗ, ಹಗಲು ಕೇಂದ್ರ, ಬೀದಿ ಸುತ್ತುವ ಔಟ್‌ರೀಚ್ ತಂಡ, ಈ ಮೂವರು ಕಳಿಸಿದವರು ಮಾತ್ರ. ಅವರು ತುಂಬುವ ಫಾರಂನಲ್ಲಿ ಬೆಂಕಿ ಹಚ್ಚಿದ ಇತಿಹಾಸ, ಲೈಂಗಿಕ ಅಪರಾಧ, ಹಿಂಸೆ, ಔಷಧಿ, ಯಾರ ಜೊತೆ ವೈರ ಎಂಬ ಐದು ವಿಷಯ ಇರಬೇಕು. ಸಂಜೆ 5ಕ್ಕೆ ಪಟ್ಟಿ ಮುಚ್ಚುತ್ತದೆ, 7ರಿಂದ 9ರೊಳಗೆ ಬರಬೇಕು. ಬಾರದವರ ಹಾಸಿಗೆ ಮರುದಿನ ಬೇರೆಯವರಿಗೆ. ಕುಡಿದು ಬರಬಹುದು, ಒಳಗೆ ಕುಡಿಯುವಂತಿಲ್ಲ. ಮಾದಕ ವಸ್ತುವಿಗೆ ಕಣ್ಣು ಮುಚ್ಚಿದರೆ 1971ರ ಕಾನೂನಿನಲ್ಲಿ ಜಾಗ ನಡೆಸುವವರ ಮೇಲೇ ಕೇಸು ಬರಬಹುದು. ಔಷಧಿ ಅತಿಥಿಯದ್ದು ಅತಿಥಿಯ ಬಳಿ, ಬೀಗದ ಡಬ್ಬಿ ಕೊಡಿ, ಸ್ವಯಂಸೇವಕರು ಮಾತ್ರೆ ಎಣಿಸಿ ಕೊಡಬಾರದು. ನಲಾಕ್ಸೋನ್ ಕಿಟ್ ಮತ್ತು ಅದರ ತರಬೇತಿ ಪ್ರತಿ ರಾತ್ರಿ ಪಾಳಿಯ ಒಬ್ಬರಿಗಾದರೂ ಇರಲಿ. ಓಪಿಯಾಯ್ಡ್ (ಹೆರಾಯಿನ್‌ನಂಥ ಮಾದಕ) ಹೆಚ್ಚಾಗಿ ಉಸಿರು ನಿಲ್ಲುತ್ತಿರುವವರಿಗೆ ತುರ್ತಿನಲ್ಲಿ ಅದನ್ನು ಯಾರು ಬೇಕಾದರೂ ಕೊಡಬಹುದು, ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ ಕೊಡಿ.

ಹೊರಹಾಕುವ ತೀರ್ಮಾನ ಪಾಳಿಯವರದ್ದಲ್ಲ, ಸಂಯೋಜಕರದ್ದು. ಎಷ್ಟು ದಿನಕ್ಕೆ, ಯಾಕೆ ಅಂತ ಬರೆದು ಕೊಡಬೇಕು. ಒಂದು ಚರ್ಚು ಹೊರಹಾಕಿ ಇನ್ನೊಂದು ಒಳಗೆ ಬಿಟ್ಟರೆ ನಿಯಮ ನಗೆಪಾಟಲು.

---

ಒಗ್ಗರಣೆ ಉತ್ತರ:

ಊಟದ ವಿಷಯಕ್ಕೆ ನಾನು. ವಾರವಾರ ನಡೆಯುವ ಅಡುಗೆ ಆದ್ದರಿಂದ ಪ್ರತಿ ಚರ್ಚಿನ ಅಡುಗೆಮನೆಯೂ ಕೌನ್ಸಿಲ್‌ನಲ್ಲಿ ಆಹಾರ ನೋಂದಣಿ ಆಗಿದೆಯೆ ನೋಡಿ. ಆಗಿಲ್ಲದಿದ್ದರೆ ಶುರು ಮಾಡುವ 28 ದಿನ ಮುಂಚೆ, ಶುಲ್ಕವಿಲ್ಲ. ಮನೆಯಲ್ಲಿ ಮಾಡಿ ಡಬ್ಬಿಯಲ್ಲಿ ತರುವುದು ಬೇಡ, ಚರ್ಚಿನ ಅಡುಗೆಮನೆಯಲ್ಲೇ ಬೇಯಿಸಿ. ಆರು ಮನೆಯ ಆರು ಪಾತ್ರೆಯಲ್ಲಿ ಏನು ಬಿದ್ದಿದೆ ಎಂದು ಯಾರೂ ಬರೆದು ಕೊಡಲಾರರು.

ಕಷ್ಟ ಬರುವುದು ನಮ್ಮ ಒಗ್ಗರಣೆಯಲ್ಲೇ. ಇಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ. ಸಾಸಿವೆ ಅದರಲ್ಲಿದೆ, ಎಳ್ಳು ಇದೆ, ಕಡಲೆಕಾಯಿ ಇದೆ, ಗೋಡಂಬಿ ಇದೆ, ಹಾಲು ಅಂದರೆ ತುಪ್ಪ ಮೊಸರು ಎಲ್ಲ ಬಂತು. ಅಂದರೆ ಚಿತ್ರಾನ್ನ ಒಂದರಲ್ಲೇ ಎರಡು, ಪುಳಿಯೋಗರೆಯಲ್ಲಿ ಮೂರು. ಎಲ್ಲರೂ ಮರೆಯುವುದು ಇಂಗು. ಡಬ್ಬಿಯಲ್ಲಿ ಬರುವ ಇಂಗಿನ ಪುಡಿಗೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. 'ಅನ್ನ ಸಾರು, ಗ್ಲುಟನ್ ಇಲ್ಲ' ಅಂತ ಧೈರ್ಯವಾಗಿ ಹೇಳಿಬಿಟ್ಟರೆ ಸೀಲಿಯಾಕ್ (ಗೋಧಿಯ ಗ್ಲುಟನ್ ಒಗ್ಗದ ಕಾಯಿಲೆ) ಇರುವವರಿಗೆ ಪೆಟ್ಟು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂಬದಿ ಓದಿ. ರಂಜಕವಾಗಿ ಮಾಡುವ ಆಸೆ ಬಿಟ್ಟು ಒಗ್ಗರಣೆಯನ್ನು ಎಣ್ಣೆ, ಜೀರಿಗೆ, ಕರಿಬೇವಿಗೆ ಇಳಿಸಿ, ಕಡಲೆಕಾಯಿ ಗೋಡಂಬಿ ಬೇರೆ ಬಟ್ಟಲಿನಲ್ಲೂ ಬೇಡ.

12 ಅತಿಥಿ, 6 ಸ್ವಯಂಸೇವಕರು, 18 ಜನಕ್ಕೆ ಬಿಸಿಬೇಳೆ ಬಾತ್ ಹೀಗೆ: ಅಕ್ಕಿ 1.35 ಕಿಲೊ, ತೊಗರಿಬೇಳೆ 900 ಗ್ರಾಂ, ತರಕಾರಿ 2 ಕಿಲೊ, ಪಾತ್ರೆ 15 ಲೀಟರಿನದ್ದು. ಖಾರ ಮನೆಯಲ್ಲಿ ಹಾಕುವುದರ ಕಾಲು ಭಾಗ. ಖಾಲಿ ಹೊಟ್ಟೆಯಲ್ಲಿ ದಿನಗಟ್ಟಲೆ ಇದ್ದವರಿಗೆ ಖಾರ, ಹುಳಿ ಎರಡೂ ಉರಿಯುತ್ತದೆ. ಹಲ್ಲಿನ ತೊಂದರೆ ತುಂಬ ಜನಕ್ಕೆ ಇರುತ್ತದೆ, ಹಾಗಾಗಿ ಚೆನ್ನಾಗಿ ಬೆಂದ, ಮೆತ್ತಗಿನ ಊಟವೇ ಸರಿ. ಕುರುಕಲು ಬೂಂದಿ, ಗಟ್ಟಿ ಚಕ್ಕುಲಿ ಪ್ರೀತಿಯಿಂದ ಕೊಟ್ಟರೂ ತಟ್ಟೆಯಲ್ಲೇ ಉಳಿಯುತ್ತದೆ. ಮಾಂಸ ತಿನ್ನುವವರಿಗೆ ಸಪ್ಪೆ ಅನ್ನಿಸದಂತೆ ಬೇಯಿಸಿದ ಮೊಟ್ಟೆ ಪಕ್ಕಕ್ಕೆ ಇಡಿ, ಅದೂ ಅಲರ್ಜಿ ಪಟ್ಟಿಯಲ್ಲಿದೆ, ಬರೆದು ಹಾಕಿ.

ಬಡಿಸುವವರೆಗೆ 63 ಡಿಗ್ರಿಗೆ ಕೆಳಗೆ ಇಳಿಯಬಾರದು, ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಳ್ಳಿ. ಉಳಿದ ಅನ್ನವನ್ನು ಬೆಳಗ್ಗೆ ಒಗ್ಗರಣೆ ಹಾಕುವ ನಮ್ಮ ಅಭ್ಯಾಸ ಇಲ್ಲಿ ಬೇಡವೇ ಬೇಡ. ಹೊರಗೆ ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಬೆಳೆಯುತ್ತದೆ, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹನ್ನೆರಡು ಜನ, ಎರಡು ಶೌಚಾಲಯ, ಯೋಚಿಸಿ.

ಸ್ವಯಂಸೇವಕರು ಅದೇ ಮೇಜಿನಲ್ಲಿ ಅದೇ ಊಟ ಮಾಡಬೇಕು. ಕೌಂಟರಿನ ಹಿಂದೆ ನಿಂತು ಬಡಿಸಿ ಕಳಿಸಿದರೆ ಅದು ಅನ್ನಛತ್ರದ ಸಾಲು.

---

ಎಡಿಸನ್_ಕನ್ನಡಿಗ ಉತ್ತರ:

ಅಮೆರಿಕದಲ್ಲಿ ಇದೇ ಸರದಿ ಎರಡು ಬೇರೆ ರೀತಿ ನಡೆಯುತ್ತದೆ, ಹೋಲಿಕೆಗೆ ಇರಲಿ. ನ್ಯಾಶ್‌ವಿಲ್‌ನ 'ರೂಮ್ ಇನ್ ದಿ ಇನ್': ಕ್ಯಾಥೊಲಿಕ್ ಪಾದ್ರಿ ಚಾರ್ಲ್ಸ್ ಸ್ಟ್ರೋಬೆಲ್ 1985ರ ಚಳಿಗಾಲದಲ್ಲಿ, ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೆ ಮಲಗಿದ್ದವರನ್ನು ಒಳಗೆ ಕರೆದದ್ದರಿಂದ ಶುರುವಾಯಿತು. ಮರುವರ್ಷ ನಾಲ್ಕು ಸಭೆಗಳು (ಭಕ್ತರ ಸಮೂಹಗಳು) ಸೇರಿಕೊಂಡವು. ಈಗ ನವೆಂಬರ್ 1ರಿಂದ ಮಾರ್ಚ್ 31ರವರೆಗೆ. ಅಲ್ಲಿ ಅತಿಥಿಗಳು ಚರ್ಚನ್ನು ಹುಡುಕಿ ಅಲೆಯುವುದಿಲ್ಲ. ಎಲ್ಲರೂ ಒಂದೇ ಕೇಂದ್ರಕ್ಕೆ ಬರುತ್ತಾರೆ, ಹೆಸರು ಬರೆಸುತ್ತಾರೆ, ಚರ್ಚುಗಳ ವ್ಯಾನು ಬಂದು ಕರೆದುಕೊಂಡು ಹೋಗಿ ಬೆಳಗ್ಗೆ ಅಲ್ಲಿಗೇ ಬಿಡುತ್ತದೆ. ಕಟ್ಟೆಪುರಾಣ ಅವರ ಅರ್ಧ ತಕರಾರಿಗೆ ಇದು ಉತ್ತರ: ಸ್ಥಳ ದಿನಾ ಬದಲಾದರೂ ಸೇರುವ ಜಾಗ, ಸಮಯ ಬದಲಾಗುವುದಿಲ್ಲ.

ಎರಡನೆಯದು ಕುಟುಂಬಗಳಿಗೆ. ಕ್ಯಾರೆನ್ ಓಲ್ಸನ್ 1986ರಲ್ಲಿ ನಮ್ಮ ನ್ಯೂಜೆರ್ಸಿಯಲ್ಲೇ ಶುರು ಮಾಡಿದ್ದು, ಈಗ 'ಫ್ಯಾಮಿಲಿ ಪ್ರಾಮಿಸ್' ಎಂಬ ಹೆಸರು. ಅಲ್ಲಿ ಸರದಿ ರಾತ್ರಿಗೊಂದಲ್ಲ, ವಾರಕ್ಕೊಂದು. 13 ಸಭೆಗಳು ಸೇರಿದರೆ ಒಂದೊಂದಕ್ಕೂ ಮೂರು ತಿಂಗಳಿಗೆ ಒಂದು ವಾರ, ವರ್ಷಕ್ಕೆ ನಾಲ್ಕು. ಭಾನುವಾರ ಹಾಸಿಗೆ ಸಾಗಾಟ, ಹಗಲು ಒಂದು ಕೇಂದ್ರ, ಅಲ್ಲಿಂದ ಮಕ್ಕಳು ಶಾಲೆಗೆ. ಯಹೂದಿ ಸಭೆಗಳೂ ಮಸೀದಿಗಳೂ ಸೇರಿಕೊಳ್ಳುತ್ತವೆ. ಮಲಗಿಸಲು ಜಾಗವಿಲ್ಲದ ಸಂಘಗಳು ಊಟ, ಒಗೆತ ಹೊರುತ್ತವೆ. ನಿಮ್ಮ ಕನ್ನಡ ಸಂಘಕ್ಕೂ ಅದೇ ಸ್ಥಾನ ಸರಿಯಾಗಿ ಹೊಂದುತ್ತದೆ.

ಪ್ರಾರ್ಥನೆಯ ವಿಷಯ ಮೊದಲೇ ಬರೆದಿಡಿ. ಊಟಕ್ಕೆ ಮುಂಚಿನ ಎರಡು ಸಾಲು ಸ್ತೋತ್ರ ಇರಬಹುದು, ಹಾಜರಿ ಕಡ್ಡಾಯ ಅಲ್ಲ, ದಿಂಬಿನ ಮೇಲೆ ಕರಪತ್ರ ಇಡುವುದಂತೂ ಇಲ್ಲ. ಏಳು ಪಂಗಡಗಳ ಏಳು ಅಭ್ಯಾಸ ಇರುತ್ತದೆ. ಬೆಂಕಿ ನಿಯಮದಲ್ಲಿ ಒಪ್ಪುವವರು ಇಲ್ಲಿ ಮುನಿಸಿಕೊಳ್ಳುತ್ತಾರೆ.

---

ಕಾಗದಪತ್ರ ಉತ್ತರ:

ವೀಸಾ ಪ್ರಶ್ನೆ ಉಳಿದಿತ್ತು. ಸಂದರ್ಶಕ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರು ನೋಂದಾಯಿತ ಚಾರಿಟಿಗೆ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು. 'ಹೇಗೂ ಅಮ್ಮ ಇದ್ದಾರೆ, ವಾರಕ್ಕೆ ಮೂರು ದಿನ ಅಡುಗೆ ಅವರದೇ' ಅಂತ ಪಾಳಿಪಟ್ಟಿಯಲ್ಲಿ ಕಾಯಂ ಹೆಸರು ಹಾಕಬೇಡಿ, ದಿನ ಎಣಿಸಿ ಬರೆಯಿರಿ. ವಿದ್ಯಾರ್ಥಿಗಳಿಗೆ ಸ್ವಯಂಸೇವೆ ಬೇರೆ, ಸಂಬಳವಿಲ್ಲದ ಉದ್ಯೋಗ ಬೇರೆ. ಗಂಟೆ ನಿಗದಿ, ಒಪ್ಪಂದ, ನೌಕರರ ಜಾಗದಲ್ಲಿ ದುಡಿಮೆ ಇದ್ದರೆ ಅದು ಎರಡನೆಯದು, ವಾರದ ಗಂಟೆಗಳ ಮಿತಿಯೊಳಗೆ ಎಣಿಕೆಯಾಗುತ್ತದೆ. ಬಸ್ ಚಾರ್ಜು ಕೊಡಬಹುದು, ಕೈಗೆ ಹಣ ಕೊಡಬಾರದು.

ಡಿಬಿಎಸ್ ಪರಿಶೀಲನೆ, ಅಂದರೆ ಸ್ವಯಂಸೇವಕರ ಮೇಲೆ ಅಪರಾಧದ ದಾಖಲೆ ಇದೆಯೆ ಎಂಬ ತಪಾಸಣೆ, ಈ ದೇಶದ ದಾಖಲೆಯನ್ನಷ್ಟೇ ನೋಡುತ್ತದೆ. ಇತ್ತೀಚೆಗೆ ಬಂದವರಿಗೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಕೇಳಬೇಕೆ ಎಂದು ಏಳೂ ಚರ್ಚು ಒಂದೇ ತೀರ್ಮಾನ ಮಾಡಲಿ. ಅದಕ್ಕೆ ಸಮಯ ಹಿಡಿಯುತ್ತದೆ. ಬೇಸಿಕ್ ದರ್ಜೆಗೆ ಸ್ವಯಂಸೇವಕರಿಗೂ ಶುಲ್ಕ ಉಂಟು, ಮೇಲಿನ ದರ್ಜೆಗೆ ಸರಕಾರಿ ಶುಲ್ಕವಿಲ್ಲ, ಆದರೆ ಎಲ್ಲ ಪಾಳಿಗೂ ಮೇಲಿನ ದರ್ಜೆ ಕೇಳುವ ಅಧಿಕಾರ ನಿಮಗಿಲ್ಲ.

ಇನ್ನೂ ಒಂದು, ನಮ್ಮವರು ಸಿಕ್ಕಿಹಾಕಿಕೊಳ್ಳುವ ಜಾಗ. ಸರಕಾರಿ ನೆರವಿಗೆ ಅರ್ಹತೆ ಇಲ್ಲದ ವೀಸಾದಲ್ಲಿ ಬಂದು ಬೀದಿಗೆ ಬಿದ್ದವರಲ್ಲಿ ಭಾರತೀಯರೂ ಇರುತ್ತಾರೆ. ಹಿಂದಿ, ತೆಲುಗು, ಕನ್ನಡ ಬರುತ್ತದೆ ಅಂತ ನಿಮ್ಮನ್ನು ಕರೆದು ಕೂರಿಸುತ್ತಾರೆ. ಊಟ, ನಿಯಮ, ಕಾಯಿಲೆಗೆ ಮಾತು ದಾಟಿಸಿ. 'ಈ ಅರ್ಜಿ ಹಾಕಿ, ಆ ವೀಸಾಕ್ಕೆ ಬದಲಾಯಿಸಿ' ಅಂತ ಸಲಹೆ ಕೊಡಬೇಡಿ. ನೋಂದಣಿ ಇಲ್ಲದೆ ವಲಸೆ ಸಲಹೆ ಕೊಡುವುದು ಇಲ್ಲಿ ಅಪರಾಧ, ಪುಕ್ಕಟೆ ಕೊಟ್ಟರೂ. ನೋಂದಾಯಿತ ಸಲಹೆಗಾರರ ಪಟ್ಟಿ ಸಂಯೋಜಕರ ಬಳಿ ಇರಲಿ.

ಉಳಿದ ಅತಿಥಿಗಳಿಗೆ ಮೊದಲ ವಾರದಲ್ಲೇ ಆಗಬೇಕಾದ ಕೆಲಸ: ಕೌನ್ಸಿಲ್‌ಗೆ ವಸತಿ ಅರ್ಜಿ. 2017ರ ಹೋಮ್‌ಲೆಸ್‌ನೆಸ್ ರಿಡಕ್ಷನ್ ಕಾನೂನಿನ ಪ್ರಕಾರ, ಅರ್ಹತೆ ಇರುವ ಒಂಟಿ ಗಂಡಸರಿಗೂ 56 ದಿನದ ನೆರವಿನ ಹೊಣೆ ಕೌನ್ಸಿಲ್ ಮೇಲಿದೆ. ಅವರಿಗೊಂದು ಬರಹದ ಯೋಜನೆ ಸಿಗಬೇಕು, ಆ ಕಾಗದ ಕೈಗೆ ಬಂದಿದೆಯೆ ಕೇಳಿ. ವೈದ್ಯರ ಬಳಿ ಹೆಸರು ಹಚ್ಚಲು ವಿಳಾಸದ ಪುರಾವೆ ಬೇಕಿಲ್ಲ. ಕೌಂಟರಿನಲ್ಲಿ ಬೇಕು ಅಂದರೆ ಜೊತೆಗೆ ಹೋಗಿ ನಿಲ್ಲಿ. ಮತ್ತೆ, ತಂಗುದಾಣದಲ್ಲಿ ಮಲಗಿದವರು ಶರತ್ಕಾಲದ ಸರಕಾರಿ ಬೀದಿ ಎಣಿಕೆಯಲ್ಲಿ ಸೇರುವುದಿಲ್ಲ, ಔಟ್‌ರೀಚ್ ತಂಡದ ಪಟ್ಟಿಯಿಂದಲೂ ಜಾರಿಬಿಡಬಹುದು. ಯಾರು ನಿಮ್ಮಲ್ಲಿದ್ದಾರೆ ಎಂದು ಅತಿಥಿಗಳ ಒಪ್ಪಿಗೆ ಪಡೆದು ಆ ತಂಡಕ್ಕೆ ವಾರವಾರ ತಿಳಿಸಿ.

---

ಹೇಮಾವತಿ_ತೀರ ಬರೆದದ್ದು:

ಎಲ್ಲರಿಗೂ ಧನ್ಯವಾದ. ಜನವರಿಗೆ ಮುಂದೂಡುವುದು, 8 ಜನ, ಶನಿವಾರ ಅಡ್ವೆಂಟಿಸ್ಟರಿಗೆ, ಈ ಮೂರನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ. ಡಿಸೆಂಬರ್‌ನಲ್ಲಿ ಪ್ರಯೋಗವಾಗಿ ಒಂದು ರಾತ್ರಿ ನಡೆಸುವುದು ಹೇಗೆ? ಅತಿಥಿಗಳನ್ನು ಕರೆಯಬೇಕೆ?

---

ರಾತ್ರಿಪಾಳಿ ಉತ್ತರ:

ಬೇಡ, ಸ್ವಯಂಸೇವಕರೇ ಮಲಗಲಿ. ಏಳೂ ಹಾಲ್‌ನಲ್ಲಿ, ಎಂಟನೆಯದರಲ್ಲೂ, ಒಂದೊಂದು ರಾತ್ರಿ, ಅದೇ ಹಾಸಿಗೆ, ಅದೇ ಹೊದಿಕೆ. ಹೀಟಿಂಗ್ ಟೈಮರ್ ರಾತ್ರಿ 10ಕ್ಕೆ ತಾನೇ ಆರುತ್ತದೆ, ಅದನ್ನು ಬದಲಿಸುವ ಕೋಡ್ ಒಬ್ಬರಿಗೆ ಮಾತ್ರ ಗೊತ್ತು, ಅವರು ಸ್ಪೇನ್‌ಗೆ ರಜೆ ಹೋಗಿರುತ್ತಾರೆ. ಕಳ್ಳರ ಅಲಾರಂ 11ಕ್ಕೆ ತಾನಾಗಿ ಚಾಲೂ ಆಗುತ್ತದೆ. ಶೌಚಾಲಯಕ್ಕೆ ಒಬ್ಬರು ಎದ್ದರೆ ಸೆನ್ಸರ್ ದೀಪ ಇಡೀ ಹಾಲ್ ಬೆಳಗುತ್ತದೆ. ಗೋಪುರದ ಗಡಿಯಾರ ಕಾಲು ಗಂಟೆಗೊಮ್ಮೆ ಹೊಡೆಯುತ್ತದೆ. ಅಡುಗೆಮನೆಯ ಫ್ರಿಜ್ಜು ಗೊರಕೆ ಹೊಡೆಯುತ್ತದೆ. ಇದ್ಯಾವುದೂ ಹಗಲಿನ ಪರಿಶೀಲನೆಯಲ್ಲಿ ಕಾಣುವುದಿಲ್ಲ. ರಾತ್ರಿ 3 ಗಂಟೆಗೆ ಬೆಂಕಿ ಗಂಟೆ ಒತ್ತಿ, ಎಲ್ಲರೂ ಹೊರಬರಲು ಎಷ್ಟು ನಿಮಿಷ ಹಿಡಿಯಿತು ಅಂತ ಬರೆದುಕೊಳ್ಳಿ. ಅಕ್ಕಪಕ್ಕದ ಮನೆಗಳಿಗೆ ಹಿಂದಿನ ದಿನ ಚೀಟಿ ಹಾಕಿರಿ.